ಟಕಟಕಿಗೆ ಕಟ್ಟಿದ ಕಂಕಣ

ಸವಣೂರಿನ ಗುದ್ಲೆಪ್ಪನಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ, ತಾಳ್ಮೆಯೊಂದನ್ನು ಬಿಟ್ಟು. (ಅದನ್ನೂ ಕೊಡಲೆಂದೇ ಹೊರಟಿದ್ದನಂತೆ. ಅಷ್ಟರಲ್ಲಿ ಇವನು ಏಳು ತಿಂಗಳಿಗೇ ಹುಟ್ಟಿಬಿಟ್ಟ.) ಹಗಲು ದರ್ಜಿ ಕೆಲಸ, ಲಗ್ನದ ಹಂಗಾಮಿನಲ್ಲಿ ಪೀರಸಾಬರ ಬ್ಯಾಂಡಿನಲ್ಲಿ ಡ್ರಮ್ಮು. ಎರಡು ಕಡೆಯೂ ಅವನ ಕೈಕಾಲು ಹುಲಿ ಬೆನ್ನು ಹತ್ತಿದಂತೆ ಓಡುತ್ತಿದ್ದವು. ಅವನು ಹೊಲಿದ ಅಂಗಿ ತೊಟ್ಟವರನ್ನು ಸಂತೆಯಲ್ಲಿ ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಎಡದ ತೋಳು ಬಲದ ತೋಳಿಗಿಂತ ಎರಡು ಬೆರಳು ಉದ್ದ. ಯಾರಾದರೂ ತಂದು ತೋರಿಸಿದರೆ, ನಾಲ್ಕು ದಿನ ಎಡಗೈಯಲ್ಲಿ ಭಾರದ ಚೀಲ ಹಿಡಿದು ಅಡ್ಡಾಡಿರಿ, ಕೈ ಜಗ್ಗಿ ಅಂಗಿಗೆ ಸರಿಹೋಗುತ್ತದೆ ಎಂದು ಸಲಹೆ ಕೊಡುತ್ತಿದ್ದ.

ಅಂಗಿಯ ಮಾತು ಹೇಗೋ ನಡೆಯುತ್ತಿತ್ತು. ಬ್ಯಾಂಡಿನ ಮಾತು ಹಾಗಲ್ಲ. ಹಾಡಿನ ಒಂದು ಸಾಲು ಮುಗಿದು, ಕ್ಲಾರ್ನೆಟ್ ಊದುವ ಪೀರಸಾಬರು ಉಸಿರು ಎಳೆದುಕೊಳ್ಳುವಾಗ ಒಂದು ಸಣ್ಣ ಸಂದು ಬೀಳುತ್ತದೆ. ಆ ಸಂದನ್ನು ಡ್ರಮ್ಮಿನವನು ಹದಿನಾರು ಪೆಟ್ಟುಗಳಿಂದ ತುಂಬಬೇಕು. ಸಂದು ಎಷ್ಟಿದೆಯೋ ಅಷ್ಟಕ್ಕೇ ತುಂಬಬೇಕು. ಗುದ್ಲೆಪ್ಪ ಹದಿನಾರನ್ನೂ ಬಾರಿಸುತ್ತಿದ್ದ, ಸುಳ್ಳು ಹೇಳಬಾರದು. ಆದರೆ ಪೀರಸಾಬರ ಅರ್ಧ ಉಸಿರು ಒಳಗೆ ಹೋಗುವುದರೊಳಗೆ ಬಾರಿಸಿ ಮುಗಿಸಿ, ಇನ್ನೂ ಯಾಕೆ ಊದಲಿಲ್ಲ ಎಂಬಂತೆ ಅವರ ಮುಖ ನೋಡುತ್ತಿದ್ದ. ಅರವತ್ತರ ಹತ್ತಿರ ಬಂದಿದ್ದ ಪೀರಸಾಬರು ಉಳಿದರ್ಧ ಉಸಿರಿಲ್ಲದೆ ಮುಂದಿನ ಸಾಲು ಊದಿ ಊದಿ ಬದನೆಕಾಯಿ ಬಣ್ಣಕ್ಕೆ ತಿರುಗುತ್ತಿದ್ದರು. ಹೋದ ವರ್ಷ ಹತ್ತಿಮತ್ತೂರಿನ ಮೆರವಣಿಗೆಯಲ್ಲಿ ಅವರು ಕೆಮ್ಮುತ್ತ ರಸ್ತೆಯಲ್ಲೇ ಕುಳಿತರು. ಮದುಮಗನನ್ನು ಕುದುರೆಯಿಂದ ಇಳಿಸಿ ಅವರನ್ನು ಕೂರಿಸಬೇಕಾಯಿತು.

ಆ ಕುದುರೆ ಸವಾರಿಯ ಮೇಲೇ ಪೀರಸಾಬರು ಒಂದು ತೀರ್ಮಾನಕ್ಕೆ ಬಂದಿದ್ದರು. ದಸರೆ ಹದಿನೈದು ದಿನ ಇರುವಾಗ ಗುದ್ಲೆಪ್ಪನ ಮನೆಗೆ ಬಂದು, ಪೆಟ್ಟಿಗೆಯೊಂದನ್ನು ಮುಂದಿಟ್ಟರು. ಬೆಳಗಾವಿಯ ಪಲ್ಟನ್ನಿನ ಬ್ಯಾಂಡಿನಲ್ಲಿ ಹದಿನೆಂಟು ವರ್ಷ ಇದ್ದು ಬಂದವರು ಅವರು. ಬರುವಾಗ ತಂದ ಆಸ್ತಿ ಎಂದರೆ ಅದೇ. ಹೆಸರು ಮೆಟ್ರೊನೋಮ್. ಗೋಪುರದ ಆಕಾರದ ಕಟ್ಟಿಗೆಯ ಡಬ್ಬಿ, ಕೀಲಿ ತಿರುವಿದರೆ ನಡುವಿನ ಕಡ್ಡಿ ಅತ್ತಿಂದಿತ್ತ ತೂಗಿ ಟಕ್ ಟಕ್ ಎನ್ನುತ್ತದೆ. ಕಡ್ಡಿಯ ಮೇಲಿನ ಸಣ್ಣ ಗುಂಡನ್ನು ಅರವತ್ತರ ಗೆರೆಗೆ ನಿಲ್ಲಿಸಿದರೆ ನಿಮಿಷಕ್ಕೆ ಅರವತ್ತು ಟಕ್ಕು, ಕೆಳಗೆ ಸರಿಸಿದಷ್ಟೂ ಓಟ ಹೆಚ್ಚು. ಒಂದು ಟಕ್ಕಿಗೆ ನಾಲ್ಕು ಪೆಟ್ಟು, ನಾಲ್ಕು ಟಕ್ಕಿಗೆ ಹದಿನಾರು. ಗುದ್ಲೆಪ್ಪನ ಹೆಂಡತಿ ಸಾವಂತ್ರವ್ವ ಅದಕ್ಕೆ ನಿಂತ ನಿಲುವಿನಲ್ಲೇ ಟಕಟಕಿ ಎಂದು ನಾಮಕರಣ ಮಾಡಿದಳು.

"ಅರವತ್ತರಿಂದ ಸುರು ಮಾಡು," ಎಂದರು ಪೀರಸಾಬರು. "ಇಪ್ಪತ್ತು ಸಲ ಒಂದರ ಹಿಂದ ಒಂದು ಶುದ್ಧ ಬರಬೇಕು. ಹತ್ತೊಂಬತ್ತು ಬಂದು ಇಪ್ಪತ್ತನೇದು ಕೆಟ್ಟರ ಮತ್ತ ಮೊದಲಿಂದ. ಬಂದ ಮ್ಯಾಲ ನಾಕ ಅಂಕಿ ಏರಿಸು. ಹಿರೇಕೆರೂರ ಲಗ್ನದೊಳಗ ನೂರಾ ಇಪ್ಪತ್ತಕ್ಕ ಮುಟ್ಟಿದ್ರ ಡ್ರಮ್ಮು ನಿಂದು. ಇಲ್ಲಾಂದ್ರ ಡ್ರಮ್ಮು ಹಯಾತಗ, ನಿನಗ ಝಾಂಜು."

ಈ ಹಯಾತ ಎಂಬಾತ ಅದೇ ಬ್ಯಾಂಡಿನಲ್ಲಿ ಆ ತನಕ ಎರಡು ಹಿತ್ತಾಳೆ ತಾಟುಗಳನ್ನು, ಅಂದರೆ ಝಾಂಜನ್ನು, ಬಡಿಯುತ್ತಿದ್ದವನು. ಹಿರೇಕೆರೂರು ಸಾವಂತ್ರವ್ವನ ತವರು. ಲಗ್ನ ಅಲ್ಲಿಯ ದೊಡ್ಡ ಹತ್ತಿ ವ್ಯಾಪಾರಿಯ ಮಗಳದು. ನಮ್ಮ ಅಳಿಯ ಕೋಲು ಎತ್ತಿದರೇನೇ ಸವಣೂರಿನ ಬ್ಯಾಂಡು ಹೆಜ್ಜೆ ಎತ್ತುತ್ತದೆ ಎಂದು ಮಾವ ಮೈಲಾರಲಿಂಗಪ್ಪ ಆಗಲೇ ಪೇಟೆಯ ತುಂಬ ಹೇಳಿಕೊಂಡು ಬಂದಿದ್ದರು. ಅಂಥ ಅಳಿಯ ಝಾಂಜು ಹಿಡಿದು ಹೋದರೆ ಮುಖ ಎಲ್ಲಿಡುವುದು?

ಪೀರಸಾಬರ ಬೆನ್ನು ಓಣಿಯ ತಿರುವಿನಲ್ಲಿ ಮರೆಯಾಗುತ್ತಲೇ ಗುದ್ಲೆಪ್ಪ ಗುಂಡನ್ನು ಅರವತ್ತಕ್ಕೆ ನಿಲ್ಲಿಸಿದ. ಟಕ್ ಎಂದಿತು. ಮುಂದಿನ ಟಕ್ಕಿನೊಳಗೆ ಒಂದು ಎಲೆ ಅಡಿಕೆ ಹಾಕಿಕೊಳ್ಳಬಹುದು ಎನಿಸಿತು ಅವನಿಗೆ. ನೂರಾ ಇಪ್ಪತ್ತು ಬೇಕಾದ ಮೇಲೆ ನೂರಾ ಇಪ್ಪತ್ತರಿಂದಲೇ ಸುರು ಮಾಡಬೇಕು, ಹುಬ್ಬಳ್ಳಿಗೆ ಹೋಗುವವನು ಹುಬ್ಬಳ್ಳಿ ಬಸ್ಸನ್ನೇ ಹತ್ತಬೇಕು ಎಂಬ ಘನ ಸಿದ್ಧಾಂತ ಹೊಳೆದು, ಗುಂಡನ್ನು ಸರ್ರನೆ ಕೆಳಗಿಳಿಸಿದ. ಊಟದ ಮಣೆಯ ಮೇಲೆ ಹಳೆಯ ಕಂಬಳಿ ಮಡಚಿ ಹಾಸಿ ಬಡಿಯತೊಡಗಿದ. ಹನ್ನೊಂದನೆಯ ಪೆಟ್ಟಿಗೆ ಎರಡು ಕೋಲುಗಳೂ ಒಂದಕ್ಕೊಂದು ತೊಡರಿಕೊಂಡವು.

ಅಂದಿನಿಂದ ಮನೆಯಲ್ಲಿ ಒಂದು ಗಳಿಗೆ ನೆಮ್ಮದಿ ಉಳಿಯಲಿಲ್ಲ. ತಂಬಿಗೆ, ಕಿಟಕಿ, ಕಂಬ, ಅಳತೆ ಕೊಡಲು ಬಂದವರ ಬೆನ್ನು, ಎಲ್ಲದರ ಮೇಲೂ ಅವನ ಬೆರಳು ಹದಿನಾರು ಪೆಟ್ಟು ಹುಡುಕುತ್ತಿದ್ದವು. ಕೂತರೆ ತೊಡೆ, ನಿಂತರೆ ಗೋಡೆ. ಇತ್ತ ಒಲೆಯ ಮುಂದೆ ಸಾವಂತ್ರವ್ವ ರೊಟ್ಟಿ ಬಡಿಯಲು ಕೂತರೆ ಅವಳ ಕೈಯೂ ಬೇಡವೆಂದರೂ ಟಕಟಕಿಯ ಜೊತೆ ಕೂಡಿಕೊಳ್ಳುತ್ತಿತ್ತು, ಒಂದು ಟಕ್ಕಿಗೆ ಒಂದು ಬಡಿತ. ಅವಳ ರೊಟ್ಟಿ ಹುಣ್ಣಿಮೆಯ ಚಂದ್ರನಂತೆ ದುಂಡಗೆ ಬರುತ್ತಿತ್ತು. ಅವನದು ಮಾತ್ರ ಹನ್ನೊಂದನೆಯ ಪೆಟ್ಟಿಗೇ ಹರಿಯುತ್ತಿತ್ತು. ಅರವತ್ತಕ್ಕೆ ಇಳಿಸಿ ನೋಡಬಾರದೇ ಎಂದು ಅವಳು ಒಮ್ಮೆ ಕೇಳಿದ್ದಕ್ಕೆ, ಸಂಗೀತದ ವಿಷಯದಲ್ಲಿ ಕೊಣಮಿಗೆಗೆ ಬಾಯಿ ಇಲ್ಲ ಎಂದುಬಿಟ್ಟ. (ಕೊಣಮಿಗೆ ಎಂದರೆ ಹಿಟ್ಟು ನಾದುವ ಪರಾತ. ಅದಕ್ಕೆ ಬಾಯಿ ಇಲ್ಲದಿರುವುದು ನಿಜ. ಆದರೆ ರೊಟ್ಟಿ ಅದರಿಂದಲೇ ಬರುತ್ತದೆ ಎಂಬುದು ಆ ದಿನ ಮಧ್ಯಾಹ್ನ ಬರಿ ಮಜ್ಜಿಗೆ ಕುಡಿಯುವಾಗ ಅವನಿಗೆ ತಿಳಿಯಿತು.)

ಹೀಗಿರುವಾಗ ಮಹಾನವಮಿ ಬಂತು. ಆಯುಧ ಪೂಜೆ. ಹೊಲಿಗೆ ಯಂತ್ರ, ಕತ್ತರಿ, ಗಜಕಡ್ಡಿ, ಡ್ರಮ್ಮು, ಕೋಲು ಎಲ್ಲಕ್ಕೂ ವಿಭೂತಿ ಬಳಿದು ಹೂ ಏರಿಸಿ ಸಾವಂತ್ರವ್ವ ಆರತಿ ಎತ್ತುವಾಗ ಗುದ್ಲೆಪ್ಪನಿಗೆ ಟಕಟಕಿಯ ನೆನಪಾಯಿತು. ತನ್ನ ಮಾನ ನಿಂತಿರುವುದೇ ಅದರ ಮೇಲೆ. ಅದಕ್ಕೆ ಬರೀ ವಿಭೂತಿ ಸಾಲದು, ಕಂಕಣವನ್ನೇ ಕಟ್ಟಬೇಕು ಎಂದು ತೀರ್ಮಾನಿಸಿದ. ಮದುವೆಗೆ ಮೊದಲು ಬೀಸುಕಲ್ಲು ಒನಕೆಗೆ ಕಟ್ಟುವಂತೆ, ಹಳದಿ ದಾರದಲ್ಲಿ ಅರಿಷಿಣದ ಕೊಂಬಿನ ಒಂದು ತುಂಡು ಕಟ್ಟಿ, ಅದನ್ನು ಕಡ್ಡಿಯ ತುದಿಗೆ ಬಿಗಿದ.

"ಡಬ್ಬಿಗೆ ಕಟ್ರಿ ಬೇಕಾರ," ಎಂದಳು ಸಾವಂತ್ರವ್ವ. "ಅಳ್ಳಾಡೋ ಕಡ್ಡಿಗೆ ಯಾಕ ಕಟ್ತೀರಿ?"

"ಕೆಲಸ ಮಾಡೂದು ಕಡ್ಡಿ. ಕಂಕಣ ಅದಕ್ಕ," ಎಂದ ಗುದ್ಲೆಪ್ಪ. "ಕಾರ್ಯ ಮುಗಿಯೂ ತನಕ ಯಾರೂ ಬಿಚ್ಚಂಗಿಲ್ಲ."

ಮರುದಿನ ಬನ್ನಿ ಕೊಟ್ಟು ಬಂದು ಮಣೆಯ ಮುಂದೆ ಕೂತ. ಗುಂಡು ನೂರಾ ಇಪ್ಪತ್ತಕ್ಕೇ ಇತ್ತು. ಕೀಲಿ ತಿರುವಿದ, ಬಾರಿಸಿದ. ಹನ್ನೊಂದನೆಯ ಪೆಟ್ಟು ದಾಟಿತು, ಹದಿನಾರೂ ಬಂದವು. ಇನ್ನೊಮ್ಮೆ ಬಾರಿಸಿದ, ಮತ್ತೆ ಬಂದವು. ಇಪ್ಪತ್ತು ಸಲ ಬಾರಿಸಿದ, ಇಪ್ಪತ್ತೂ ಶುದ್ಧ. ಗುದ್ಲೆಪ್ಪನ ಕಣ್ಣಲ್ಲಿ ನೀರೇ ಬಂತು. ನವಮಿಯ ದೇವಿ ಒಲಿದಿದ್ದಳು. ನಾಲ್ಕು ದಿನಕ್ಕೆ ನೂರಾ ನಲವತ್ತು ಬಂತು, ದೀಪಾವಳಿಗೆ ನೂರಾ ಅರವತ್ತೂ ಬಂತು. ಅಂಗಡಿಗೆ ಬಂದವರಿಗೆಲ್ಲ ಅಂಗಿಯ ಮಾತು ಬಿಟ್ಟು ನೂರಾ ಅರವತ್ತರ ಮಾತು. ಖಾರಾ ಕಟ್ಟಿಸಲು ಫರಾಳದ ಅಂಗಡಿಗೆ ಹೋದರೆ ಅಲ್ಲೂ ಅದೇ. ಹಯಾತನನ್ನು ಕಂಡರೆ ಭುಜ ತಟ್ಟಿ, ಝಾಂಜು ಬಹಳ ಒಳ್ಳೆಯ ವಾದ್ಯ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನ ಹೇಳುತ್ತಿದ್ದ.

ಅನುಮಾನ ಬಂದದ್ದು ಸಾವಂತ್ರವ್ವನೊಬ್ಬಳಿಗೆ. "ಟಕಟಕಿ ಸುಸ್ತಾದಂಗ ಕಾಣ್ತೈತಿ ನೋಡ್ರಿ," ಎಂದಳು ಒಂದು ದಿನ, ಕೈ ಹಿಟ್ಟಿನಲ್ಲಿರುವಾಗಲೇ. "ಮೊದಲ ನನ್ನ ಕೈ ಅದರ ಕೂಡ ಬರ್ತಿತ್ತು. ಈಗ ನಾನ ಮುಂದ ಹೋಗಿ ಅದಕ್ಕ ಕಾಯಬೇಕಾಗೇತಿ."

ಕಲಾವಿದರ ಮನೆಯ ಗಾಳಿ ಕುಡಿದರೆ ಹೆಂಗಸರ ಕೈಗೂ ವೇಗ ಬರುತ್ತದೆ, ಅದರಲ್ಲಿ ಆಶ್ಚರ್ಯವೇನಿಲ್ಲ ಎಂದು ಗುದ್ಲೆಪ್ಪ ಔದಾರ್ಯದಿಂದ ಒಪ್ಪಿಕೊಂಡ. ಅವಳು ಒಂದು ಸಲ ಅವನನ್ನು ನೋಡಿದಳು, ಒಂದು ಸಲ ಅರಿಷಿಣದ ಕೊಂಬನ್ನು ನೋಡಿದಳು, ರೊಟ್ಟಿ ತಿರುವಿ ಹಾಕಿದಳು.

ಹಿರೇಕೆರೂರಿಗೆ ಹೊರಡುವ ಹಿಂದಿನ ದಿನ ಪೀರಸಾಬರು ಪರೀಕ್ಷೆಗೆ ಬಂದರು. ಗುದ್ಲೆಪ್ಪ ಅವರನ್ನು ಚಾಪೆಯ ಮೇಲೆ ಕೂರಿಸಿ, ನೂರಾ ಇಪ್ಪತ್ತು ಕೇಳಿದ್ದಿರಿ, ನೂರಾ ಅರವತ್ತು ಕೊಡುತ್ತೇನೆ ಎಂದು ಘೋಷಿಸಿ ಬಾರಿಸಿದ. ಪೀರಸಾಬರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕಣ್ಣು ತೆರೆದು, ಕೋಟಿನ ಕಿಸೆಯಿಂದ ಗಡಿಯಾರ ತೆಗೆದು, ಟಕಟಕಿಯನ್ನೊಂದೇ ಬಡಿಯಲು ಬಿಟ್ಟು ತುಟಿ ಅಲ್ಲಾಡಿಸುತ್ತ ಎಣಿಸಿದರು. ಒಂದು ನಿಮಿಷ ಮುಗಿದ ಮೇಲೆ ಗಡಿಯಾರವನ್ನು ಮತ್ತೆ ಕಿಸೆಗೆ ಹಾಕಿದರು.

"ಗುಂಡು ನೂರಾ ಅರವತ್ತರ ಮ್ಯಾಲ ಐತಿ," ಎಂದರು. "ಟಕ್ಕು ಬಿದ್ದದ್ದು ಎಂಬತ್ನಾಕು."

ಆಮೇಲೆ ಕಂಕಣ ಅವರ ಕಣ್ಣಿಗೆ ಬಿತ್ತು. ಪಲ್ಟನ್ನಿನಲ್ಲಿ ಹದಿನೆಂಟು ವರ್ಷ ಅನೇಕ ಬಗೆಯ ರಿಪೇರಿ ಕಂಡಿದ್ದೇನೆ, ಇದನ್ನು ಕಂಡಿರಲಿಲ್ಲ ಎಂದರು. ಕಡ್ಡಿಯ ತುದಿಗೆ ಭಾರ ಬಿದ್ದರೆ ಓಟ ಕುಂಟುತ್ತದೆ, ಗುಂಡನ್ನು ಮೇಲೆ ಸರಿಸಿದರೆ ಟಕ್ಕು ನಿಧಾನವಾಗುವುದೂ ಅದಕ್ಕೇ ಎಂದು ಬಿಡಿಸಿ ಹೇಳಿದರು. ಕಂಕಣವನ್ನು ಮಾತ್ರ ತಾವು ಮುಟ್ಟಲಿಲ್ಲ. "ದೇವರ ಹೆಸರಿಲೆ ಕಟ್ಟಿದ್ದು. ತಂಗೀ, ನೀನ ಬಿಚ್ಚವ್ವ," ಎಂದರು. ಸಾವಂತ್ರವ್ವ ಕೈ ತೊಳೆದುಕೊಂಡು ಬಂದು, ನಮಸ್ಕಾರ ಮಾಡಿ ಬಿಚ್ಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಗುಂಡನ್ನು ನೂರಾ ಇಪ್ಪತ್ತಕ್ಕೆ ಇಟ್ಟರು. ಟಕಟಕಿ ಕೊರಳ ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯಿತು. ಗುದ್ಲೆಪ್ಪ ಬೆನ್ನಟ್ಟಿದ. ಹನ್ನೊಂದನೆಯ ಪೆಟ್ಟಿಗೆ ಬಲಗೈಯ ಕೋಲು ಹಾರಿ ಹೋಗಿ ಹಿಟ್ಟಿನ ಕೊಣಮಿಗೆಯಲ್ಲಿ ನೆಟ್ಟಗೆ ನಿಂತಿತು.

"ಎಂಬತ್ನಾಕರಾಗ ಶುದ್ಧ ಐತಿ," ಎಂದರು ಪೀರಸಾಬರು, ಏಳುತ್ತ. "ಹತ್ತ ವರ್ಷದಾಗ ನಿನ್ನ ಕೈ ನಿಧಾನ ಬಂದದ್ದು ಇದ ಮೊದಲ. ಆದ್ರ ಮದುಮಗನ ಕುದುರಿ ಎಂಬತ್ನಾಕಕ್ಕ ಕುಣಿಯಂಗಿಲ್ಲಪ್ಪ. ನಾಳೆ ಝಾಂಜು ಹಿಡಿ."

ಗುದ್ಲೆಪ್ಪನಿಗೆ ಆ ಹೊಗಳಿಕೆ ಕೇಳಿಸಲೇ ಇಲ್ಲ. ಝಾಂಜು ಎಂಬುದಷ್ಟೇ ಕೇಳಿಸಿತು.

ಹಿರೇಕೆರೂರಿನಲ್ಲಿ ಮಾವ ಮೈಲಾರಲಿಂಗಪ್ಪ ಹೊಸ ರುಮಾಲು ಸುತ್ತಿ ಚಪ್ಪರದಲ್ಲಿ ಕೂತಿದ್ದರು. ಅಳಿಯನ ಕೈಯಲ್ಲಿ ಡ್ರಮ್ಮಿನ ಬದಲು ಎರಡು ತಾಟು ಕಂಡು ಒಂದು ಗಳಿಗೆ ಕಳೆಗುಂದಿದರು. ಆದರೂ ಎದೆಗುಂದದೆ, ಇಡೀ ಬ್ಯಾಂಡಿಗೆ ಅಪ್ಪಣೆ ಕೊಡುವುದೇ ಝಾಂಜು ಎಂದು ಅಕ್ಕಪಕ್ಕದವರಿಗೆ ತಿಳಿಸಿದರು. (ಆ ಮಾತು ಇಷ್ಟು ಬೇಗ ನಿಜವಾದೀತೆಂದು ಪಾಪ, ಅವರಿಗೇನು ಗೊತ್ತು.)

ಝಾಂಜಿನವನ ಕೆಲಸ ಬಡಿಯುವುದಲ್ಲ, ಕಾಯುವುದು. ಕಾಯುವುದು ಗುದ್ಲೆಪ್ಪನಿಗೆ ಶೂಲ. ಮುಹೂರ್ತದ ಹೊತ್ತಿಗೆ ಬ್ಯಾಂಡು ಸುಮ್ಮನೆ ನಿಂತಿತ್ತು. ಮಾಂಗಲ್ಯದ ತಟ್ಟೆ ಹಿರಿಯರ ಕೈಯಿಂದ ಕೈಗೆ ಹೋಗಿ ಮುಟ್ಟಿಸಿಕೊಂಡು ಬರುತ್ತಿತ್ತು. ಅದು ಮದುಮಗನ ಕೈಗೆ ಬಂದ ಮೇಲೆ ಮಂತ್ರ ಹೇಳುವ ಅಯ್ಯನವರು ಕೈ ಎತ್ತುತ್ತಾರೆ, ಪೀರಸಾಬರು ತಲೆ ಅಲ್ಲಾಡಿಸುತ್ತಾರೆ, ಆಗ ಝಾಂಜು ಬೀಳಬೇಕು, ಬಾಜಾ ಏಳಬೇಕು, ಜನ ಅಕ್ಕಿಕಾಳು ಹಾಕಬೇಕು. ಚಪ್ಪರದ ತುಂಬ ಜನ ಮುಷ್ಟಿಯಲ್ಲಿ ಅಕ್ಕಿ ಹಿಡಿದು, ಬಾಜಾ ಯಾವಾಗ ಎದ್ದೀತೆಂದು ಕಿವಿ ನಿಮಿರಿಸಿ ನಿಂತಿದ್ದರು. ಗುದ್ಲೆಪ್ಪನ ಮೊಣಕಾಲು ತಾನಾಗಿಯೇ ನೂರಾ ಇಪ್ಪತ್ತಕ್ಕೆ ಅಲ್ಲಾಡತೊಡಗಿತು. ಅಯ್ಯನವರು ಜಾರಿದ ಶಲ್ಯ ಸರಿಮಾಡಿಕೊಳ್ಳಲು ಕೈ ಎತ್ತಿದರು.

ಝಣ್ ಎಂದು ಬಿತ್ತು ಝಾಂಜು.

ಅದರ ಹಿಂದೆ ಗಾಬರಿಬಿದ್ದು ಹಯಾತನ ಡ್ರಮ್ಮು ಎದ್ದಿತು, ಪೀರಸಾಬರೂ ಬೇರೆ ದಾರಿ ಕಾಣದೆ ಊದಿದರು. ಚಪ್ಪರದ ಅಕ್ಕಿಯೆಲ್ಲ ಒಮ್ಮೆಲೇ ಹಾರಿತು. ಮಾಂಗಲ್ಯದ ತಟ್ಟೆ ಆ ಕ್ಷಣ ಇದ್ದದ್ದು ಮೈಲಾರಲಿಂಗಪ್ಪನವರ ಕೈಯಲ್ಲಿ. ಮಾಂಗಲ್ಯ ಇದ್ದಲ್ಲಿಗೆ ಅಕ್ಕಿ ಬೀಳುವುದು ರೂಢಿ. ಜನ ಅಲ್ಲಿಗೇ ಹಾಕಿದರು. ಹೊಸ ರುಮಾಲು ತುಂಬಿ, ಮೀಸೆ ತುಂಬಿ, ಮೈಲಾರಲಿಂಗಪ್ಪ ಎಪ್ಪತ್ತರ ವಯಸ್ಸಿನಲ್ಲಿ ಮದುಮಗನಂತೆ ನಿಂತರು. ಹೆಂಗಸರ ಸಾಲಿನಿಂದ ಅವರ ಹೆಂಡತಿ ಹೊಳೆವ್ವ, "ನನಗ ಒಂದ ಮಾತ ಹೇಳಿದ್ರ ನಾನೂ ಇಲಕಲ್ ಸೀರಿ ಉಟಕೊಂಡ ಬರ್ತಿದ್ದೆ," ಎಂದಳು. ನಿಜವಾದ ಮುಹೂರ್ತಕ್ಕೆ ಯಾರ ಕೈಯಲ್ಲೂ ಅಕ್ಕಿಕಾಳು ಇರಲಿಲ್ಲ. ಜಮಖಾನೆಯ ಮೇಲೆ ಬಿದ್ದದ್ದನ್ನು ಜನ ಬಗ್ಗಿ ಆರಿಸುತ್ತಿರುವಾಗಲೇ ತಾಳಿ ಕಟ್ಟುವುದು ಮುಗಿಯಿತು.

ಊರಿಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಸಾವಂತ್ರವ್ವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಗುದ್ಲೆಪ್ಪ ಮೂರು ನೆವ ಹೇಳಿ ನೋಡಿದ. ಬ್ಯಾಂಡೇ ಬಿಟ್ಟುಬಿಡುತ್ತೇನೆ ಎಂದು ಕೊನೆಗೆ ಹೇಳಿದ. ಅವಳು ಕಿಟಕಿಯ ಹೊರಗೇ ನೋಡುತ್ತ, ಎಂಬತ್ತನಾಲ್ಕರಲ್ಲಿ ಶುದ್ಧ ಇದೆ ಎಂದು ಪೀರಸಾಬ ಉಸ್ತಾದರು ಅಂದದ್ದು ನಿಮಗೆ ಕೇಳಿಸಲಿಲ್ಲವೇ, ನನಗೆ ಕೇಳಿಸಿತು ಎಂದಳು.

ಮರುದಿನ ಬೆಳಿಗ್ಗೆ ಅವಳು ಒಲೆಯ ಪಕ್ಕ ಮಣೆ ಇಟ್ಟು ಕಂಬಳಿ ಹಾಸಿದಳು. ಟಕಟಕಿ ಪೀರಸಾಬರ ಮನೆಗೆ ವಾಪಸು ಹೋಗಿತ್ತು. ಸೆರಗಿನ ಗಂಟು ಬಿಚ್ಚಿ, ಅದೇ ಅರಿಷಿಣದ ಕೊಂಬನ್ನು ಗುದ್ಲೆಪ್ಪನ ಬಲಗೈ ಮಣಿಕಟ್ಟಿಗೆ ಬಿಗಿಯಾಗಿ ಕಟ್ಟಿದಳು.

"ಭಾರ ಬೇಕಾಗಿದ್ದು ಕಡ್ಡಿಗಲ್ರಿ, ಈ ಕೈಗೆ," ಎಂದಳು. "ಕಾರ್ಯ ಮುಗಿಯೂ ತನಕ ಬಿಚ್ಚಂಗಿಲ್ಲ. ನಾ ರೊಟ್ಟಿ ಬಡೀತೇನಿ, ಅದರ ಕೂಡ ಬಾರಸ್ರಿ. ಇಪ್ಪತ್ತು ಶುದ್ಧ ಬಂದ ಮ್ಯಾಲ ಊಟ."

ಸಾವಂತ್ರವ್ವನ ಕೈ ನಿಧಾನಕ್ಕೆ ಸುರುವಾಯಿತು. ಗುದ್ಲೆಪ್ಪ ಬಾರಿಸಿದ. ಅವನು ಓಡಿದ ಕೂಡಲೇ ಅವಳ ಕೈ ನಿಲ್ಲುತ್ತಿತ್ತು, ಅವನು ಮೊದಲಿಂದ ಸುರು ಮಾಡುತ್ತಿದ್ದ. ಹೊತ್ತು ಏರಿತು. ಬುಟ್ಟಿಯಲ್ಲಿ ರೊಟ್ಟಿ ಏರಿತು, ಬದನೆಕಾಯಿ ಪಲ್ಯದ ವಾಸನೆ ಮೂಗಿಗೆ ಬಡಿಯಿತು, ಹೊಟ್ಟೆ ಕವಕವ ಎಂದಿತು. ಹನ್ನೆರಡು ಬಂತು, ಹದಿನೈದು ಬಂತು, ಹದಿನೆಂಟು ಬಂತು. ಹತ್ತೊಂಬತ್ತನೆಯದೂ ಮುತ್ತು ಪೋಣಿಸಿದಂತೆ ಬಂತು. ಗುದ್ಲೆಪ್ಪನ ಬಾಯಲ್ಲಿ ನೀರೂರಿತು. ಇಪ್ಪತ್ತನೆಯದು ಮುಗಿಯಲು ಇನ್ನೂ ಎರಡು ಪೆಟ್ಟು ಇರುವಾಗಲೇ ಅವನ ಎಡಗೈ ಬುಟ್ಟಿಯ ಕಡೆ ಹೊರಟುಬಿಟ್ಟಿತ್ತು.

ರೊಟ್ಟಿಯ ಸದ್ದು ನಿಂತಿತು.

"ಮೊದಲಿಂದ," ಎಂದಳು ಸಾವಂತ್ರವ್ವ.