ಯುರೋಪಿನ ಕೋರ್ಟಿಗೆ ನಾನು ಹೇಳಿದ ಬುದ್ಧಿ

ಕೋರ್ಟಿಗೆ ಬುದ್ಧಿ ಹೇಳುವುದು ಅಂಥಾ ಕಷ್ಟದ ಕೆಲಸವಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಚನ್ನರಾಯಪಟ್ಟಣದಲ್ಲಿ ಇಪ್ಪತ್ತು ವರ್ಷ ಕರಿ ಕೋಟು ಹಾಕಿದವನು ನಾನು. ನಾನು ವಾದಕ್ಕೆ ಎದ್ದು ನಿಂತಾಗ ಹೊರಗೆ ಹೋದ ಜೊತೆ ವಕೀಲರು ಕಾಫಿ ಕುಡಿದು, ಎಲೆಅಡಿಕೆ ಹಾಕಿ, ಉಗಿದು ವಾಪಸು ಬಂದರೂ ನಾನಿನ್ನೂ ಮೊದಲನೆಯ ಅಂಶದಲ್ಲೇ ಇರುತ್ತಿದ್ದೆ. ಇಷ್ಟು ವಿದ್ವತ್ತು ಒಂದೇ ತಾಲ್ಲೂಕಿಗೆ ಖರ್ಚಾಗುತ್ತಿದೆಯಲ್ಲ ಎಂಬ ಕೊರಗು ನನಗಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಯುರೋಪಿನಲ್ಲಿ ನಡೆದ ಯುದ್ಧವೊಂದರ ಅಪರಾಧಗಳನ್ನು ವಿಚಾರಿಸಲು ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ಕೂತಿತ್ತು. ವಕೀಲರ ಸಂಘದ ಕೋಣೆಯಲ್ಲಿ ಕಾನೂನು ಪತ್ರಿಕೆ ತಿರುವಿಹಾಕುವಾಗ ಅಲ್ಲಿನ ಒಂದು ಮೊಕದ್ದಮೆ ಕಣ್ಣಿಗೆ ಬಿತ್ತು. ಸೈನಿಕರ ಕೈಯಲ್ಲಿ ನರಳಿದ ಹೆಂಗಸೊಬ್ಬಳು ಬಂದು ಸಾಕ್ಷಿ ಹೇಳಿದ್ದಾಳೆ. ಆರೋಪಿಯ ವಕೀಲರು, "ಆಘಾತಕ್ಕೆ ಈಕೆಯ ನೆನಪೇ ಕೆಟ್ಟಿದೆ, ತಾರೀಖು ಹೇಳಲಾರಳು, ಕೋಣೆಗೆ ಎಷ್ಟು ಕಿಟಕಿ ಎಂದು ಹೇಳಲಾರಳು, ನಂಬಬೇಡಿ" ಎಂದಿದ್ದಾರೆ. ಈ ಪ್ರಶ್ನೆಯ ಮೇಲೆ ಹೊರಗಿನವರೂ ಅಭಿಪ್ರಾಯ ಸಲ್ಲಿಸಲು ಅನುಮತಿ ಕೇಳಬಹುದು ಎಂದು ಕೊನೆಯಲ್ಲಿ ಬರೆದಿತ್ತು.

ಹೀಗೆ ಹೊರಗಿನಿಂದ ಬರುವವನಿಗೆ ಅಮಿಕಸ್ ಕ್ಯೂರಿ, ಅಂದರೆ ನ್ಯಾಯಾಲಯದ ಮಿತ್ರ ಎಂದು ಹೆಸರು. ಅವನು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. "ಸ್ವಾಮಿ, ಈ ವಿಚಾರ ನನಗೆ ಸ್ವಲ್ಪ ಗೊತ್ತು, ತೀರ್ಪು ಬರೆಯುವ ಮುಂಚೆ ಒಂದು ಮಾತು ಕೇಳಿ" ಎಂದು ಅರಿಕೆ ಮಾಡಿಕೊಳ್ಳುವ ಮೂರನೆಯವನು. ಅಂಥ ಕೋರ್ಟಿನ ಮುಂದೆ ಬರುವ ಪ್ರಶ್ನೆಗಳು ಹೊಸವು. ವೈದ್ಯರು, ಮಹಿಳಾ ಸಂಘದವರು, ಪ್ರೊಫೆಸರುಗಳು ಬರೆದು ತಿಳಿಸಿದ್ದು ಎಷ್ಟೋ ಸಲ ಸಾಕ್ಷಿಯನ್ನು ಕಾಪಾಡುತ್ತದಂತೆ. ನಮ್ಮ ಕಡೆ ವಕೀಲನಿಲ್ಲದ ಕೈದಿಗೆ ಕೋರ್ಟೇ ಒಬ್ಬನನ್ನು ಗೊತ್ತುಮಾಡಿದರೂ ಅವನಿಗೆ ಇದೇ ಹೆಸರು. ಆ ಕೆಲಸ ನನಗೆ ಎರಡು ಸಲ ಸಿಕ್ಕಿತ್ತು. ಇಬ್ಬರೂ ಕೈದಿಗಳು ಒಳಗೇ ಉಳಿದರು. ಆದರೂ ಅನುಭವ ಅನುಭವವೇ!

"ಸುಮಿತ್ರಾ, ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ನನ್ನ ಸಹಾಯ ಬೇಕಾಗಿದೆ," ಎಂದು ಮನೆಯಲ್ಲಿ ಘೋಷಿಸಿದೆ.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ತಿದ್ದುತ್ತಿದ್ದ ಉತ್ತರಪತ್ರಿಕೆಯಿಂದ ತಲೆ ಎತ್ತದೆ, "ಅವ್ರು ಕೇಳಿದ್ರೇನ್ರೀ?" ಎಂದಳು.

"ಕೇಳಿಲ್ಲ. ನಾನೇ ಹೇಳ್ತೀನಿ."

"ಹಾಗೇ ಅಲ್ವೇ ಮನೇಲೂ," ಎಂದು ಯಾವುದೋ ಹುಡುಗಿಯ ಉತ್ತರಕ್ಕೆ ಕೆಂಪು ಗೀಟು ಎಳೆದಳು.

ಒಂದು ತಿಂಗಳು ಬೆಳಿಗ್ಗೆ ಐದಕ್ಕೆದ್ದು ಬರೆದೆ. ಅರಿಕೆ ಹತ್ತು ಪುಟ ಮೀರಬಾರದೆಂದು ಪತ್ರಿಕೆಯಲ್ಲಿ ಸ್ಪಷ್ಟವಾಗಿ ಇತ್ತು. ಅದು ಸಾಮಾನ್ಯ ವಕೀಲರಿಗೆ ಎಂದುಕೊಂಡೆ. ನನ್ನದು ನಲವತ್ತಾರು ಪುಟವಾಯಿತು. ಮೊದಲ ಒಂಬತ್ತು ಪುಟಗಳಲ್ಲಿ ನಾಗರಿಕತೆಯ ಉಗಮ. ಹತ್ತನೆಯ ಪುಟದಲ್ಲಿ ವಿಷಯ ಪ್ರವೇಶ. ಆದರೆ ಒಂದು ಭಾಗ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಇಂದಿಗೂ ಅಲ್ಲಗಳೆಯಲಾರೆ. 'ನೊಂದವಳಿಗೆ ಗಳಿಗೆ ನೆನಪಿರುವುದಿಲ್ಲ, ಗಾಯ ನೆನಪಿರುತ್ತದೆ. ಕಿಟಕಿ ಎಷ್ಟೆಂದು ಅವಳನ್ನು ಕೇಳುವುದು ಸತ್ಯ ಹುಡುಕಲು ಅಲ್ಲ, ಅವಳ ಬಾಯಿ ಮುಚ್ಚಿಸಲು' ಎಂದು ಬರೆದಿದ್ದೆ. ಬರೆಯುತ್ತಾ ನನಗೇ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು, ಸ್ನಾನ ಮಾಡಿ, ಕೋರ್ಟಿಗೆ ಹೋದೆ.

ಅವತ್ತು ಕೋರ್ಟಿನಲ್ಲಿ ನಂಜಮ್ಮನ ಪಾಟೀಸವಾಲಿತ್ತು.

ನಂಜಮ್ಮ ಬಾಗೂರು ರಸ್ತೆಯ ಕಡೆಯ ಒಂದು ಸಣ್ಣ ಊರಿನವಳು. ಗಂಡ ಇಲ್ಲ. ದಿನಾ ಬೆಳಿಗ್ಗೆ ನಮ್ಮ ಬೀದಿಗೆ ಮೊಸರು ತರುತ್ತಿದ್ದಳು, ನಮ್ಮ ಮನೆಗೂ. ಹೊಲಕ್ಕೆ ಹೋಗುವ ದಾರಿಯ ಜಗಳದಲ್ಲಿ ಮೈದುನ ದೊಣ್ಣೆಯಿಂದ ಹೊಡೆದು ಅವಳ ಬಲಗೈ ಮುರಿದಿದ್ದ. ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಅಲ್ಲಿಂದ ಈಚೆಗೆ ಮೊಸರನ್ನು ಎಡಗೈಯಲ್ಲೇ ಅಳೆಯುತ್ತಿದ್ದಳು. ಆ ಮೈದುನನ ವಕೀಲ ನಾನು.

"ಹೊಡೆದ ದೊಣ್ಣೆ ಹುಣಸೆಯದೋ, ಬೇವಿನದೋ?"

"ಗೊತ್ತಿಲ್ಲ ಸಾ."

"ಎಷ್ಟು ಉದ್ದ ಇತ್ತು?"

"ಅಳ್ತೆ ಮಾಡ್ಲಿಲ್ಲ ಸಾ."

"ಅವತ್ತು ಅಮಾವಾಸ್ಯೆಗೆ ಎಷ್ಟು ದಿನ ಇತ್ತು?"

"ಗೊತ್ತಿಲ್ಲ ಸಾ."

"ಮೊದಲ ಏಟಿಗೂ ಎರಡನೇ ಏಟಿಗೂ ನಡುವೆ ಎಷ್ಟು ನಿಮಿಷ?"

ಅವಳು ಸುತ್ತ ನೋಡಿದಳು. "ಅದೆಂಗ್ ಸಾ ಯೋಳದು? ನಂಗೆ ಗೊತ್ತಿಲ್ಲ."

"ಹಾಗಾದರೆ ನಿನಗೆ ಗೊತ್ತಿರುವುದಾದರೂ ಏನಮ್ಮ?" ಎಂದು ಕೈ ಅಗಲಿಸಿದೆ. ಹಿಂದಿನ ಬೆಂಚಿನವರು ನಕ್ಕರು. ಅವಳು ಸೆರಗಿನಲ್ಲಿ ಬಲಗೈ ಮುಚ್ಚಿಕೊಂಡಳು. ಅಷ್ಟು ಹೊತ್ತಿಗೆ ಮೂವತ್ತೊಂದು ಸಲ 'ಗೊತ್ತಿಲ್ಲ' ಎಂದಿದ್ದಳು. ನಾನು ಹಾಳೆಯ ಅಂಚಿನಲ್ಲಿ ಗೀಟು ಹಾಕಿ ಎಣಿಸಿದ್ದೆ. ಕೆಲವು ವಾರಗಳಲ್ಲಿ ಸಂಶಯದ ಲಾಭ ಪಡೆದು ಮೈದುನ ಬಿಡುಗಡೆಯಾದ.

ತೀರ್ಪಿನ ಮಾರನೆಯ ಬೆಳಿಗ್ಗೆಯೂ ನಂಜಮ್ಮ ಮೊಸರು ತಂದಳು. ಸುಮಿತ್ರಾ ಬಾಗಿಲಲ್ಲಿ ಮಾತಿಗೆ ತಡಕಾಡಿದ್ದಕ್ಕೆ, "ಅಯ್ಯೋ ಬುಡಿ ಅಮ್ಮಾರೆ, ಅವ್ರ್ ಕೆಲ್ಸ ಅವ್ರು ಮಾಡುದ್ರು," ಎಂದಳಂತೆ. ಆಮೇಲೆ ಸುಮಿತ್ರಾ ಒಳಗೆ ಬಂದು, "ಅವಳು ಸುಳ್ಳು ಹೇಳ್ತಿದ್ಲು ಅಂತ ನಿಮಗೆ ಅನ್ನಿಸ್ತೇನ್ರೀ?" ಎಂದು ಕೇಳಿದಳು.

"ಅನ್ನಿಸೋದು ವಕೀಲನ ಕೆಲಸ ಅಲ್ಲ," ಎಂದೆ. ಎಂಥಾ ಘನವಾದ ಉತ್ತರ!

ಮೈದುನ ಗೆದ್ದ ಹುಮ್ಮಸ್ಸಿನಲ್ಲಿ ಹೊಲದ ದಾರಿಗೆ ಮುಳ್ಳುಬೇಲಿ ಹಾಕಿದ. ಪೇಟೆಗೆ ಬರಲು ಅವಳು ಬಳಸುತ್ತಿದ್ದುದೂ ಅದೇ ದಾರಿ, ಈಗ ಕೆರೆ ಏರಿ ಸುತ್ತಿಕೊಂಡು ಬರಬೇಕಾಯಿತು. ಮೊಸರು ಒಂದು ಗಂಟೆ ತಡವಾಗತೊಡಗಿತು. ಹೀಗೆ ತಡ ಮಾಡಿದರೆ ಬೇರೆಯವರ ಹತ್ತಿರ ತರಿಸಿಕೊಳ್ಳಬೇಕಾಗುತ್ತದೆ ಎಂದು ಅವಳಿಗೆ ಎಚ್ಚರಿಕೆ ಕೊಟ್ಟವನೂ ನಾನೇ.

ಆ ದಿನಗಳಲ್ಲೇ ವಕೀಲರ ಮಾಸಪತ್ರಿಕೆಯೊಂದು ಹೊಸಬರಿಗಾಗಿ 'ಮಾದರಿ ಪಾಟೀಸವಾಲು'ಗಳನ್ನು ಆಹ್ವಾನಿಸಿತ್ತು. ನಂಜಮ್ಮನದಕ್ಕಿಂತ ಮಾದರಿ ಯಾವುದಿದೆ? ಇಂಗ್ಲಿಷಿಗೆ ಅನುವಾದಿಸಿ ಟೈಪಿಸ್ಟ್ ಜವರೇಗೌಡನಿಗೆ ಕೊಟ್ಟೆ. ಜವರೇಗೌಡನ ಮೇಜು ಕಾಂಪೌಂಡಿನ ಹೊಂಗೆ ಮರದ ಕೆಳಗೆ. ಅವನೂ ನಂಜಮ್ಮನ ಊರಿನವನೇ. ನನ್ನ ನಲವತ್ತಾರು ಪುಟಗಳ ಅರಿಕೆಯೂ ಅವನ ಹತ್ತಿರವೇ ಇತ್ತು. ಪಾಟೀಸವಾಲು ಹನ್ನೊಂದು ಪುಟವಾಯಿತು.

ಕೊನೆಯ ದಿನ ಹತ್ತಿರ ಬಂತು. ಹಾಸನಕ್ಕೆ ಹೋಗಿ ವಿದೇಶದ ಅಂಚೆಗೆ ಹಾಕಬೇಕು. ಬಸ್ಸು ಹೊರಡಲು ಕಾಲು ಗಂಟೆ. ನಮ್ಮ ಪದ್ಧತಿಯಂತೆ ಕೋರ್ಟ್ ಫೀ ಸ್ಟಾಂಪು ಅಂಟಿಸಿದೆ. ಯುರೋಪಿನವರಿಗೆ ಕರ್ನಾಟಕದ ಸ್ಟಾಂಪು ಏಕೆ ಎಂದು ಯೋಚಿಸಲು ಪುರುಸೊತ್ತೆಲ್ಲಿ? ವಕಾಲತ್ತುನಾಮೆಯೂ ಇಟ್ಟೆ. ಯಾರ ಪರವಾಗಿ ಎಂಬ ಖಾಲಿ ಜಾಗದಲ್ಲಿ 'ಘನ ನ್ಯಾಯಮಂಡಳಿಯ ಪರವಾಗಿ' ಎಂದು ತುಂಬಿದೆ.

"ಜವರೇಗೌಡ, ಮೇಜಿನ ಮೇಲಿರೋ ಇಂಗ್ಲಿಷ್ ಹಾಳೆ ಎಲ್ಲಾ ಸೇರಿಸಿ ಹೊಲಿದುಬಿಡು, ಬೇಗ!"

"ಎಲ್ಲಾನೂವಾ ಸಾ?"

"ಎಲ್ಲಾನೂ ಅಂದ್ರೆ ಎಲ್ಲಾನೂ ಕಣಯ್ಯ!"

ಅವನು ದಬ್ಬಳ, ಬಿಳಿ ದಾರ ತೆಗೆದು ಕಟ್ಟನ್ನು ಅಚ್ಚುಕಟ್ಟಾಗಿ ಹೊಲಿದು ಕೊಟ್ಟ. ನಾನು ತೆರೆದು ನೋಡಲಿಲ್ಲ. ಓಡಿಹೋಗಿ ಬಸ್ಸು ಹಿಡಿದೆ.

ಇನ್ನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ನಮ್ಮ ವಂಶದಲ್ಲಿಲ್ಲ. ಸಂಘದಲ್ಲಿ ಸುದ್ದಿ ಬಿಟ್ಟೆ. ಅನುಮತಿ ಕೇಳಿದ್ದೇನೆ ಎಂದು ನಾನು ಹೇಳಿದ್ದು, ಅನುಮತಿ ಸಿಕ್ಕಿದೆ ಎಂದಾಗಿ ಊರು ಸುತ್ತಿತು, ನಾನೂ ತಿದ್ದಲಿಲ್ಲ. ಸಂಘದ ಅಧ್ಯಕ್ಷರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟರು. ಅರಕಲಗೂಡಿನಿಂದ ನನ್ನ ಭಾವಮೈದುನ ಬಂದು, ಅಲ್ಲಿ ಚಳಿ ಜಾಸ್ತಿಯಂತೆ ಎಂದು ಉಣ್ಣೆಯ ಮಂಕಿಟೋಪಿ ಉಡುಗೊರೆ ಕೊಟ್ಟ. ಕರೆ ಬಂದರೆ ಇರಲಿ ಎಂದು ಪಾಸ್‌ಪೋರ್ಟಿಗೂ ಅರ್ಜಿ ಹಾಕಿದೆ. ವಿಚಾರಣೆಗೆ ಮನೆಗೆ ಬಂದ ಪೇದೆ ಬಾಗಿಲಲ್ಲೇ ನಿಂತು, "ಫಾರಿನ್ ಕೋರ್ಟ್ನೋರು ನಿಮ್ಮನ್ನ ಯಾವ್ ಕೇಸಲ್ಲಿ ಕರೀತಾವ್ರೆ ಸಾ?" ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿದ. ಎದುರುಮನೆಯವರು ಒಂದು ವಾರ ನನ್ನನ್ನು ಕನಿಕರದಿಂದ ನೋಡಿದರು.

ನಾಲ್ಕು ತಿಂಗಳ ಮೇಲೆ ದಪ್ಪ ಕಂದು ಲಕೋಟೆ ಬಂತು. ಮನೆಯಲ್ಲಿ ಒಡೆಯಬಹುದಿತ್ತು. ಒಡೆಯಲಿಲ್ಲ! ಲಕೋಟೆಯನ್ನು ಹಾಗೇ ಸಂಘಕ್ಕೆ ಒಯ್ದು, ಎಲ್ಲರೂ ಸೇರಿದ ಮೇಲೆ ಅಧ್ಯಕ್ಷರ ಅಮೃತ ಹಸ್ತದಿಂದಲೇ ತೆರೆಯಬೇಕೆಂದು ವಿನಂತಿಸಿಕೊಂಡೆ. ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು, ಕಿರಿಯ ವಕೀಲರಿಗಾಗಿ ಕನ್ನಡದಲ್ಲೂ ಹೇಳುತ್ತಾ ಹೋದರು.

"ಅನುಮತಿ ನಿರಾಕರಿಸಲಾಗಿದೆ." ಅವರು ಓದುತ್ತಲೇ ಹೋದರು. "ಅರಿಕೆ ಪುಟಮಿತಿಯನ್ನು ಮೀರಿದೆ. ಇದರಲ್ಲಿನ ಅಂಶಗಳನ್ನು ಬೇರೆಯವರು ಈಗಾಗಲೇ ಸಂಕ್ಷಿಪ್ತವಾಗಿ ಸಲ್ಲಿಸಿದ್ದಾರೆ. ಲಗತ್ತಿಸಿದ ಸ್ಟಾಂಪುಗಳನ್ನು ಹಿಂತಿರುಗಿಸಲಾಗಿದೆ."

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಧ್ಯಕ್ಷರು ಹಾಳೆ ತಿರುವಿದರು. "ಅನುಬಂಧದ ಹನ್ನೊಂದು ಪುಟಗಳನ್ನು ಓದಲಾಗಿದೆ. ಅದರಲ್ಲಿ ಸಾಕ್ಷಿಯನ್ನು ಪ್ರಶ್ನಿಸುತ್ತಿರುವ ವಕೀಲರೂ ಅರ್ಜಿದಾರರೂ ಒಬ್ಬರೇ ಎಂದು ತೋರುತ್ತದೆ. ಹಾಗಿದ್ದಲ್ಲಿ ಅವರ ಎರಡು ಅಭಿಪ್ರಾಯಗಳಲ್ಲಿ ಯಾವುದನ್ನು ಪರಿಗಣಿಸಬೇಕೆಂದು ತಿಳಿಯುವುದಿಲ್ಲ."

ಯಾವ ಅನುಬಂಧ? ಪತ್ರದ ಜೊತೆ ವಾಪಸು ಬಂದಿದ್ದ ನನ್ನ ಕಟ್ಟನ್ನು ಕಿತ್ತುಕೊಂಡು ನೋಡಿದೆ. ಬಿಳಿ ದಾರದ ಹೊಲಿಗೆ ಹಾಗೇ ಇತ್ತು. ನಲವತ್ತಾರನೇ ಪುಟದಲ್ಲಿ 'ಅವಳ ಬಾಯಿ ಮುಚ್ಚಿಸಬೇಡಿ' ಎಂಬ ನನ್ನ ಪ್ರಾರ್ಥನೆ. ನಲವತ್ತೇಳನೆಯದರಲ್ಲಿ, ಹುಣಸೆಯದೋ, ಬೇವಿನದೋ?

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಾಗಿತ್ತು. ನಂಜಮ್ಮನ ಕೇಸು ನಡೆಸಿದ್ದ ಸರ್ಕಾರಿ ವಕೀಲರು ಕೈಚಾಚಿ ಆ ಹಾಳೆಗಳನ್ನು ತೆಗೆದುಕೊಂಡು ನಿಧಾನವಾಗಿ ಓದಿದರು. "ನಿಮ್ಮ ನಲವತ್ತಾರು ಪುಟಾನ ಅವತ್ತು ನನಗೆ ಕೊಟ್ಟಿದ್ರೆ ನಾನು ಇಲ್ಲೇ ವಾದ ಮಾಡ್ತಿದ್ನಲ್ಲ ಸ್ವಾಮಿ," ಎಂದರು. "ಈಗ ಅಪೀಲಿನ ಅವಧಿಯೂ ಮುಗೀತು."

ಹೊಂಗೆ ಮರದ ಕೆಳಗೆ ಹೋಗಿ ಜವರೇಗೌಡನ ಮೇಲೆ ಹಾರಾಡಿದೆ. ಅವನಿಗೆ ನಿಜವಾಗಲೂ ಅರ್ಥವಾಗಲಿಲ್ಲ.

"ನೀವೇ ಅಲ್ವಾ ಸಾ ಎಲ್ಲಾನೂ ಅಂದಿದ್ದು? ಮೊದ್ಲು ಏಟು ತಿಂದ ಹೆಂಗ್ಸುಗೆ ತಾರೀಕು ಗೆಪ್ತಿ ಇರಾಕಿಲ್ಲ ಅಂತ ಬರ್ದಿದ್ರಿ. ಆಮೇಕೆ ನಮ್ ನಂಜಕ್ಕುಂದು ಇತ್ತು, ಅವ್ಳ್ಗೂ ಗೆಪ್ತಿ ಇಲ್ಲ. ಇದು ವಾದ, ಅದು ಉದಾರಣೆ ಅಂದ್ಕಂಡೆ. ಒಳ್ಳೇದಕ್ಕೇ ಒಲ್ದೆ ಕಣ್ಸಾ."

ನನ್ನ ಎರಡೂ ಬರಹಗಳನ್ನು ಒಟ್ಟಿಗೆ ಓದಿ ಅರ್ಥ ಮಾಡಿಕೊಂಡವನು ಇಡೀ ತಾಲ್ಲೂಕಿನಲ್ಲಿ ಅವನೊಬ್ಬನೇ.

ಮನೆಯಲ್ಲಿ ಸುಮಿತ್ರಾ ಹನ್ನೊಂದು ಪುಟವನ್ನೂ ಓದಿದಳು. ಕೈಯಲ್ಲಿ ಕೆಂಪು ಪೆನ್ನಿತ್ತು. ಒಂದು ಗೀಟೂ ಹಾಕಲಿಲ್ಲ. "ಇಂಗ್ಲಿಷ್ ಚೆನ್ನಾಗಿದೆ ಕಣ್ರೀ," ಎಂದು ಹಾಳೆಗಳನ್ನು ನನ್ನ ಮುಂದಿಟ್ಟು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ "ಮೊಸ್ರೂ" ಎಂಬ ಕೂಗು ಕೇಳಿದಾಗ ಸುಮಿತ್ರಾ ಅಡುಗೆಮನೆಯಿಂದ ಆಚೆ ಬರಲಿಲ್ಲ. ಪಾತ್ರೆ ಹಿಡಿದು ನಾನೇ ಹೋದೆ. ನಂಜಮ್ಮನ ಕಾಲು ಕೆರೆ ಏರಿಯ ಕೆಸರಾಗಿತ್ತು. ಬುಟ್ಟಿ ಇಳಿಸಿ, ಎಡಗೈಯಲ್ಲಿ ಅಳತೆಯ ಪಾವು ಹಿಡಿದಳು.

"ಸಾ, ಜವ್ರೇಗೌಡ ಯೋಳ್ದ. ನಾನು ಕೋರ್ಟಲ್ಲಿ ಆಡಿದ್ ಮಾತೆಲ್ಲಾ ಪರದೇಸದ ಕೋರ್ಟ್ಗೆ ಓಗಿತ್ತಂತೆ?"

"ಹೋಗಿತ್ತು ಕಣಮ್ಮ."

"ಆ ದೊಡ್ ಜಡ್ಜುಗೋಳು ಓದುದ್ರಂತಾ?"

"ಓದಿದ್ದಾರೆ."

ಅವಳ ಮುಖದಲ್ಲಿ ಏನೋ ಸಣ್ಣಗೆ ಬೆಳಗಿತು. ಪಾವು ಹಿಡಿದ ಕೈ ಅಲ್ಲೇ ನಿಂತಿತು.

"ಅವ್ರಾದ್ರೂ ನಂಬುದ್ರಾ ಸಾ, ನನ್ನ?"

'ಹೌದು ಅಥವಾ ಇಲ್ಲ, ಒಂದೇ ಮಾತಿನಲ್ಲಿ ಹೇಳು' ಎಂದು ಇಪ್ಪತ್ತು ವರ್ಷ ಸಾಕ್ಷಿಗಳನ್ನು ಗದರಿಸಿದವನು ನಾನು. ಪಾತ್ರೆ ಹಿಡಿದು, ಹೊಸ್ತಿಲಲ್ಲಿ ನಿಂತು, ಸುತ್ತ ನೋಡಿದೆ.

"ಗೊತ್ತಿಲ್ಲ ಕಣಮ್ಮ," ಎಂದೆ.

ಅವಳು ತಲೆ ಆಡಿಸಿದಳು. ಮೊಸರು ಅಳೆದು, ದಿನದಂತೆ ಮೇಲಷ್ಟು ಕೊಸರು ಹಾಕಿ, ಬುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ಹೋದಳು. ನಾನು ಅವಳನ್ನು ಹನ್ನೊಂದು ಪುಟ ಪಾಟೀಸವಾಲು ಮಾಡಿದ್ದೆ. ಅವಳು ನನ್ನದನ್ನು ಮೂರೇ ಪ್ರಶ್ನೆಗೆ ಮುಗಿಸಿದಳು.