ಎರವಲು ಬಾಚಿಯ ಫೋಟೋ ಜಾಲಕೋಶಕ್ಕೆ ಏರಿದ ಬಗ್ಗೆ

ಹಳೆ ಕೈಹತ್ಯಾರ ಸಂಗ್ರಾಹಕರ ಜಾಲಕೋಶ ಸಮಿತಿ
(ಶಿರಸಿ, ಸಿದ್ದಾಪುರ, ಯಲ್ಲಾಪುರ)

ಸುತ್ತೋಲೆ ಸಂಖ್ಯೆ: ಹಕೋಸ/ಬಾಚಿ/7/2025

ವಿಷಯ: ಜಾಲಕೋಶದಲ್ಲಿ ಫೋಟೋ ಕಂಡು ಹತ್ಯಾರ ವಾಪಸು ಕೇಳಲು ಬರುವವರ ಕುರಿತು.

ಉಲ್ಲೇಖ: ಕೋಲಸಿರ್ಸಿಯ ಸುಬ್ಬಿಯವರು ಸಂಚಾಲಕರ ಅಂಗಳದಲ್ಲಿ ನಿಂತು ಆಡಿದ ಮಾತು.

ಮೂರು ತಾಲೂಕಿನ ಹಳೆ ಉಳಿ, ಬಾಚಿ, ಗರಗಸಗಳ ಹೆಸರು, ಕಾಲ, ಉಪಯೋಗಗಳು ಒಂದೇ ಕಡೆ ಸಿಗಲೆಂದು ಅಂತರ್ಜಾಲದಲ್ಲಿ ಈ ಜಾಲಕೋಶವನ್ನು ತೆರೆಯಲಾಗಿತ್ತಷ್ಟೆ. ಚಪ್ಪರದ ಕೆಲಸಕ್ಕೆ ಎರವಲು ತಂದ ಹತ್ಯಾರವನ್ನು ಹಿಂದಿರುಗಿಸಲು ಮರೆಯುವುದು ನಮ್ಮ ಕಡೆಯ ವಾಡಿಕೆಯಾಗಿದ್ದು, ಸದಸ್ಯರ ಸಂಗ್ರಹಗಳು ಬಹುಪಾಲು ಹೀಗೆಯೇ ಬೆಳೆದಿವೆ ಎಂಬುದು ಫೋಟೋ ಏರಿಸಿದ ಮೇಲೆ ಸಮಿತಿಯ ಗಮನಕ್ಕೆ ಬಂದಿದೆ. ಅಯ್ಯೋ ಎನ್ನುವಷ್ಟರಲ್ಲಿ ಊರೆಲ್ಲ ನೋಡಿಯಾಗಿತ್ತು. ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ.

1. ‘ಅಜ್ಜನ ಕಾಲದ್ದು’ ಎಂದು ಬರೆಯುವವರು ಯಾರ ಅಜ್ಜ ಎಂಬುದನ್ನು ಕಡ್ಡಾಯವಾಗಿ ನಮೂದಿಸತಕ್ಕದ್ದು.

2. ಗುರುತು ಸಿಗದಂತೆ ಮರೆಮಾಚಿದ ಫೋಟೋಗಳನ್ನು ತಿರಸ್ಕರಿಸಲಾಗುವುದು. ಹೆಗ್ಗರಣೆಯ ಸದಸ್ಯರೊಬ್ಬರು ಗರಗಸಕ್ಕೆ ಮಫ್ಲರ್ ಸುತ್ತಿ, ಅದಕ್ಕೆ ಶೀತವಾಗಿದೆ ಎಂಬರ್ಥದ ವಿವರಣೆ ನೀಡಿರುವುದನ್ನು ಒಪ್ಪಲಾಗಿಲ್ಲ.

3. ಕೇಳಲು ಬಂದವರಿಗೆ ಚಹಾ ಕೊಡತಕ್ಕದ್ದು. ಲೋಟದ ಮೇಲೆ ಲೋಟ ಕೊಟ್ಟು, ಬಂದ ಕೆಲಸವನ್ನೇ ಮರೆಸಿ ಕೊನೆಯ ಬಸ್ಸಿಗೆ ಹತ್ತಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

4. ಕೇಳಲು ಬಂದವರ ಮನೆಯಲ್ಲಿ ತಮ್ಮ ಹತ್ಯಾರವೂ ಇದೆಯೆಂದು ಸದಸ್ಯರಿಗೆ ನೆನಪಾದಲ್ಲಿ, ಉಭಯರೂ ನಡುದಾರಿಯಲ್ಲಿ ಭೇಟಿಯಾಗಿ ಬದಲಾಯಿಸಿಕೊಳ್ಳತಕ್ಕದ್ದು. ಮೊದಲು ಯಾರು ಕೈ ಚಾಚಬೇಕೆಂದು ನಿರ್ಧರಿಸಲು ಉಪಸಮಿತಿ ರಚಿಸಲಾಗಿದೆ. ಅದು ಇನ್ನೂ ಸೇರಿಲ್ಲ.

5. ಕೋಶದ ಮೊದಲ ಪುಟದ ಬಾಚಿ: ಸಂಚಾಲಕರಾದ ಹುಲೇಕಲ್‌ನ ಶ್ರೀ ಶಾಂತಾರಾಮ ಹೆಗಡೆಯವರು ಇದನ್ನು ತಮ್ಮದೆಂದೇ ನಂಬಿ, ಎಣ್ಣೆ ಹಚ್ಚಿ, ಮಕ್ಕಳಿಗೂ ಮುಟ್ಟಗೊಡದೆ ಇಟ್ಟಿದ್ದರು. ಕಾವಿನ ಹಿತ್ತಾಳೆ ಬಳೆಯನ್ನು ಫೋಟೋದಲ್ಲಿ ಕಂಡು ಬಂದ ಸುಬ್ಬಿಯವರು, “ಇದು ನಮ್ಮಪ್ಪ ಕೆರಿಯಂದು ಹೆಗಡೇರೆ. ಬಳೆ ಹಾಕ್ದವ ಅವ್ನೇಯ. ಸಾಯೂತನ್ಕ ಇದ್ನೇ ಹುಡುಕ್ತಿದ್ದ” ಎಂದಿರುತ್ತಾರೆ. ಸಂಚಾಲಕರು ಪುರಾವೆ ಕೇಳಲು ಬಾಯಿ ತೆರೆಯುತ್ತಿದ್ದಂತೆ, ಅವರ ಪತ್ನಿ ಪರಿಮಳಾ ಅವರು ಒಳಗಿನಿಂದಲೇ “ಮಾಣಿ ಉಪನಯನದ ಚಪ್ಪರಕ್ಕೆ ತಂದಿದ್ದು. ಯಂಗಿನ್ನೂ ನೆನಪಿದ್ದು” ಎಂದು ಸಾಕ್ಷಿ ನುಡಿದಿದ್ದಾರೆ. ತೆರೆದ ಬಾಯಿಯನ್ನು ಮುಚ್ಚಲಾಯಿತು.

6. ಸದರಿ ಬಾಚಿಯನ್ನು ಸಂಚಾಲಕರು ಖುದ್ದಾಗಿ ಕೋಲಸಿರ್ಸಿಗೆ ಒಯ್ದು ಒಪ್ಪಿಸಿದ್ದಾರೆ. ಕೊಡುವಾಗ ಕೈ ಬಿಡಲು ತುಸು ತಡವಾದುದನ್ನು ಕರ್ತವ್ಯಲೋಪವೆಂದು ಪರಿಗಣಿಸತಕ್ಕದ್ದಲ್ಲ. ಅವರಿಗೆ ಬಹಳ ಬೇಸರವಾಗಿದೆ. ನಾಚಿಕೆ ಅದಕ್ಕಿಂತ ಹೆಚ್ಚಾಗಿದೆ. ಕೋಶದಲ್ಲಿ ಮಾಲೀಕರ ಹೆಸರನ್ನು ‘ಕೆರಿಯ, ಕೋಲಸಿರ್ಸಿ’ ಎಂದು ತಿದ್ದಲಾಗಿದೆ.

ಸಹಿ/-
ಶಾಂತಾರಾಮ ಹೆಗಡೆ
ಸಂಚಾಲಕರು (ಸದ್ಯ ಬಾಚಿ ಇಲ್ಲದವರು)

ಪ್ರತಿಗಳು:
ಮೂರೂ ತಾಲೂಕಿನ ಸದಸ್ಯರಿಗೆ, ಹಿತ್ತಿಲ ಕೊಟ್ಟಿಗೆಯನ್ನು ಒಮ್ಮೆ ಪ್ರಾಮಾಣಿಕವಾಗಿ ನೋಡುವ ಸೂಚನೆಯೊಂದಿಗೆ.
ಶ್ರೀಮತಿ ಪರಿಮಳಾ ಅವರಿಗೆ, ಮುಂದೆ ಸಾಕ್ಷಿ ನುಡಿಯುವ ಮೊದಲು ಸಂಚಾಲಕರ ಮುಖ ನೋಡುವ ಕೋರಿಕೆಯೊಂದಿಗೆ.
ಶ್ರೀಮತಿ ಸುಬ್ಬಿಯವರಿಗೆ, ಬಾಚಿಯನ್ನು ಯಾರೇ ಬಂದು ಕೇಳಿದರೂ, ಸಂಚಾಲಕರೇ ಬಂದು ಕೇಳಿದರೂ, ಎರವಲು ಕೊಡಬಾರದೆಂಬ ವಿನಂತಿಯೊಂದಿಗೆ.