ಮೀನಿನ ಊಟ ಮತ್ತು ಮಾಗಡಿ ಬಸ್ಸು

ಸಮುದ್ರ ಇಷ್ಟವಾದರೆ ಬುದ್ಧಿವಂತರು ರಜೆಯಲ್ಲಿ ಕಾರವಾರಕ್ಕೆ ಹೋಗಿ ಕಾಲು ನೆನೆಸಿಕೊಂಡು ಬರುತ್ತಾರೆ. ನಾನು ಮಾತ್ರ ರಾಮನಗರದ ಬಂಡೆಗಳ ನಡುವೆ, ನಮ್ಮ ಹಜಾರದಲ್ಲೇ, ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿ ಸಮುದ್ರ ಮಾಡಿಕೊಂಡೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವನು ನಾನು. ಭೂಪಟದಲ್ಲಿ ಸಮುದ್ರ ತೋರಿಸಬಲ್ಲವನಿಗೆ ಸಮುದ್ರ ಸಾಕುವುದೇನು ಮಹಾ ಎಂಬ ಧೈರ್ಯ. ತೊಟ್ಟಿಯ ಕಿತ್ತಳೆ ಬಣ್ಣದ ಮೀನಿನ ಜೋಡಿ ಮೊಟ್ಟೆಯಿಟ್ಟಾಗ ಆ ಧೈರ್ಯ ಇಳಿಯಿತು. ರೆಪ್ಪೆಗೂದಲಿನಷ್ಟಿರುವ ಮರಿಗಳಿಗೆ ಬೇಕಾದ್ದು ಕಣ್ಣಿಗೆ ಕಾಣದ ಹುಳುಗಳು. ಆ ಹುಳುಗಳಿಗೆ ಬೇಕಾದ್ದು ಸಸ್ಯಪ್ಲವಕ, ಅಂದರೆ ನೀರನ್ನೇ ಹಸಿರು ಮಾಡುವ ಅತಿ ಸಣ್ಣ ಪಾಚಿ. ಹೀಗೆ ಮೀನು ಸಾಕಲು ಹೋದವನು ಹುಳು ಸಾಕಿ, ಕೊನೆಗೆ ಅಡುಗೆಮನೆಯ ಕಿಟಕಿಯಲ್ಲಿ ಬಾಟಲಿಗಳನ್ನಿಟ್ಟು ಪಾಚಿಯ ಸೇವೆಗೆ ನಿಂತೆ. ಗೊಬ್ಬರ ಹಾಕಿದೆ, ದೀಪ ಹಚ್ಚಿದೆ, ಕೊಳವೆಯಲ್ಲಿ ಗಾಳಿ ಬಿಟ್ಟೆ. ಅದು ಹಳದಿಯಾಗಿ, ಕೊಳೆತು, ನಾರಿತು. "ಮೇಲಿನ ಟ್ಯಾಂಕಲ್ಲಿ ಬೇಡ ಅಂದ್ರೂ ಪಾಚಿ ಬೆಳೆಯತ್ತೆ. ನೀವು ಬೆಳೆಸಿದ್ರೆ ಮಾತ್ರ ಸಾಯತ್ತೆ" ಎಂದಳು ಹೆಂಡತಿ ಸುಧಾ.

ಮರಿಗಳು ಹೊರಬಂದ ದಿನವೇ ಕೊನೆಯ ಬಾಟಲಿಯೂ ಕೈಕೊಟ್ಟಿತು. ಅಷ್ಟರಲ್ಲಿ ಸುಧಾಗೆ ಅವುಗಳ ಮೇಲೆ ಜೀವ. "ಹಸ್ಕೊಂಡಿವೆ ಕಣ್ರೀ, ಏನಾದ್ರೂ ಮಾಡಿ" ಎಂದು ಅಟ್ಟಿದಳು. ಮಾಗಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗೆಳೆಯ ರಿಜ್ವಾನನಿಗೂ ಇದೇ ಹುಚ್ಚು. ಬಸ್ಸು ಹತ್ತಿ ಅವನಲ್ಲಿಗೆ ಓಡಿದೆ. ಅವನು ಒಂದು ಬಾಟಲಿ ಹಸಿರು ನೀರು ಕೊಟ್ಟು, "ಮುಚ್ಚಳ ಬಿಗೀಬೇಡಿ ಸಾರ್, ಉಸಿರಾಡ್ಬೇಕು. ಆಗಾಗ ಅಲ್ಲಾಡಿಸಿ" ಎಂದ.

ವಾಪಸು ಬಸ್ಸಿನಲ್ಲಿ ಹಾಗೇ ಮಾಡುತ್ತ ಕುಳಿತೆ. ಅಲ್ಲಾಡಿಸುವುದು, ಮುಚ್ಚಳ ತೆಗೆದು ಮೂಸುವುದು, ಮರಿಗಳನ್ನು ನೆನೆದು ನಿಟ್ಟುಸಿರು ಬಿಡುವುದು. ಪಕ್ಕದಲ್ಲಿ ಅವರೇಕಾಯಿ ಬುಟ್ಟಿಯ ಅಜ್ಜಿ.

"ಏನಪ್ಪಾ ಅದು?"

"ಮೀನಿನ ಮರಿಗೆ ಊಟ, ಅಜ್ಜಿ."

ಅಜ್ಜಿ ನನ್ನ ಮುಖವನ್ನು ದಿಟ್ಟಿಸಿ ನೋಡಿತು. ನಗುವಾಗಲೂ ಯಾರನ್ನೋ ಕಳೆದುಕೊಂಡವನಂತೆ ಕಾಣುವ ಮುಖ ನನ್ನದು. "ಕಂಡಕ್ಟರಪ್ಪಾ, ಒಸಿ ಬಾ ಇಲ್ಲಿ! ಈವಯ್ಯ ಗಿಡಕ್ಕೊಡಿಯೋ ಔಸ್ದಿ ಇಟ್ಕಂಡು ಉಸ್ಸಂತಾವ್ನೆ. ಮೀನಿಗಂತೆ!"

"ಬಾಟ್ಲಿ ಕೊಡಿ ಸಾರ್, ಆಚೆಗೆ ಎಸೆದ್ಬುಡ್ತೀನಿ" ಎಂದು ಕಂಡಕ್ಟರ್ ಕೈ ಚಾಚಿದ.

"ಅಯ್ಯೋ, ಇದು ಪಾಚಿ ಕಣ್ರೀ!"

"ಪಾಚಿನ ಯಾರ್ ಸಾರ್ ಬಸ್ಸಲ್ಲಿ ಒಯ್ತಾರೆ?"

ಹಿಂದಿನ ಸೀಟಿನಿಂದ ಯಾರೋ, "ಏನೇ ಕಷ್ಟ ಇದ್ರೂ ಹೆಂಡ್ರು ಮಕ್ಕಳ ಮುಖ ನೋಡ್ಬೇಕು ಕಣಣ್ಣ" ಎಂದರು. ಕಂಡಕ್ಟರನ ಕೈ ಬಾಟಲಿಯ ಮೇಲೆ ಬಿತ್ತು. ನನಗೆ ಬೇರೆ ದಾರಿ ತೋಚಲಿಲ್ಲ. "ಇದು ವಿಷ ಅಲ್ಲ, ನೋಡಿ!" ಎನ್ನುತ್ತಾ ಗಟಗಟನೆ ಕುಡಿದುಬಿಟ್ಟೆ.

ಅಜ್ಜಿ ಕಿರುಚಿತು. ಬಸ್ಸು ಗಕ್ಕನೆ ನಿಂತಿತು. "ಆಸ್ಪತ್ರೆಗೆ ಬುಡ್ಲಾ!" ಎಂದು ಹತ್ತಾರು ಗಂಟಲು ಕೂಗಿದವು. ಉಪ್ಪಿಗೆ ನನ್ನ ಗಂಟಲು ಕಟ್ಟಿತ್ತು, ಕಣ್ಣಲ್ಲಿ ನೀರು. ಅದೂ ನನಗೆ ವಿರುದ್ಧವಾದ ಸಾಕ್ಷಿಯೇ ಆಯಿತು. ಸುಧಾಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ನಿನ್ನ ಗಂಡ ಹಸಿರು ನೀರು ಕುಡಿದನೆಂದು ಅಜ್ಜಿ ಅಳುತ್ತ ಹೇಳಿತು.

ಆ ಕಡೆಯಿಂದ ಸುಧಾಳ ದನಿ ಇಡೀ ಬಸ್ಸಿಗೆ ಕೇಳಿಸಿತು: "ಅಯ್ಯೋ! ಎಷ್ಟು ಉಳಿದಿದೆ?"

ಇದಕ್ಕಿಂತ ದೊಡ್ಡ ಪುರಾವೆ ಯಾರಿಗೂ ಬೇಕಿರಲಿಲ್ಲ. ಬಸ್ಸು ನಗುತ್ತಲೇ ಹೊರಟಿತು. ಅಜ್ಜಿ ಮಾತ್ರ ಬಾಟಲಿಯನ್ನು ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡಿತು. "ನಿನ್ ಕೈಲಿ ಬ್ಯಾಡ ಕಣಪ್ಪ. ಮಿಕ್ಕಿದ್ದನ್ನೂ ಕುಡ್ದ್ಬುಟ್ಟೀಯ." ರಾಮನಗರದವರೆಗೂ ಆಗಾಗ ಅಲ್ಲಾಡಿಸುತ್ತಲೂ ಇತ್ತು.

ಉಳಿದಿದ್ದ ಅರ್ಧ ಬಾಟಲಿ ಸುಧಾಳ ಕೈಯಲ್ಲಿ ತುಂಬಿ ಬೆಳೆಯಿತು, ನಾನು ಮುಟ್ಟುವಂತಿಲ್ಲ. ಮರಿಗಳಲ್ಲಿ ಹಲವು ಬದುಕಿ, ಈಗ ಮೈಮೇಲೆ ಬಿಳಿ ಪಟ್ಟೆ ಮೂಡಿಸಿಕೊಂಡು ಓಡಾಡುತ್ತಿವೆ. ಮನೆಗೆ ಬಂದವರಿಗೆ ಸಸ್ಯಪ್ಲವಕ ಎಷ್ಟು ಪೌಷ್ಟಿಕವೆಂದು ನಾನು ಮೇಷ್ಟರ ಗತ್ತಿನಲ್ಲಿ ವಿವರಿಸುತ್ತೇನೆ. ಕಾಫಿ ತರುವ ಸುಧಾ, "ಸ್ವಂತ ಅನುಭವದಿಂದ ಹೇಳ್ತಿದ್ದಾರೆ" ಎಂದಷ್ಟೇ ಸೇರಿಸುತ್ತಾಳೆ.